ಕಿರ್ದಿಗೆ ಬಾರದ ಮಧ್ಯಮ

ಸಂಗೀತದ ಮಾಸ್ತರರನ್ನು ಕೆಲಸದಿಂದ ಬಿಡಿಸಬೇಕೆಂದು ಶಾಲೆಯ ಖರ್ಚಿನ ಅಂದಾಜು ಪತ್ರಿಕೆಯಲ್ಲಿ ಬರೆದವನು ನಾನೇ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಓದುವಾಗ ನಾನು ಬಹಳ ದೊಡ್ಡ ರಸಿಕನೆಂಬ ಭ್ರಮೆ ಯಾರಿಗಾದರೂ ಬಂದೀತು.

ಗದಗ ಜಿಲ್ಲೆಯ ನಮ್ಮೂರಿನ ಕನ್ನಡ ಶಾಲೆಯ ಆಡಳಿತ ಮಂಡಳಿಗೆ ನಾನು ಖಜಾಂಚಿ. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ದಿವಾಣಜಿಯಾಗಿದ್ದೆ. ಹತ್ತಿಯ ಅಂಡಿಗೆ, ಹೆಸರುಕಾಳಿನ ಚೀಲ, ಒಣಮೆಣಸಿನಕಾಯಿ, ಅವುಗಳ ತೂಕ, ದಲಾಲಿ, ಹಮಾಲಿ ಇಷ್ಟರಲ್ಲೇ ಆಯುಷ್ಯ ಕಳೆಯಿತು. ರಾತ್ರಿ ಒಂದು ರೂಪಾಯಿ ತಾಳೆಯಾಗದಿದ್ದರೆ ಊಟ ಸೇರುತ್ತಿರಲಿಲ್ಲ. ನಿವೃತ್ತನಾದ ಮೇಲೆ, ಓದಿದ ಶಾಲೆಯ ಋಣ ಎಂದು ಈ ಕೆಲಸ ಒಪ್ಪಿಕೊಂಡೆ. ಸಂಬಳವಿಲ್ಲ, ಬೈಗುಳ ಮಾತ್ರ ಸಕಾಲಕ್ಕೆ ಬರುತ್ತದೆ.

ಹೆದ್ದಾರಿಯ ಪಕ್ಕದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಬಂದ ಮೇಲೆ ನಮ್ಮಲ್ಲಿ 412 ಇದ್ದ ಮಕ್ಕಳ ಸಂಖ್ಯೆ 268ಕ್ಕೆ ಇಳಿದಿದೆ. ಹಿಂದೆ ಸಂಗೀತಕ್ಕೆ ಸರ್ಕಾರದ ಅನುದಾನವಿದ್ದ ಹುದ್ದೆಯೇ ಇತ್ತು. ಹಳೆಯ ಮಾಸ್ತರರು ನಿವೃತ್ತರಾದರು, ಹುದ್ದೆ ಖಾಲಿ ಬಿತ್ತು, ಖಾಲಿಯೇ ಉಳಿಯಿತು. ಆಮೇಲೆ ಮಂಡಳಿಯೇ ಒಬ್ಬರನ್ನು ತಿಂಗಳಿಗೆ ಒಂಬತ್ತು ಸಾವಿರ ಗೌರವಧನದ ಮೇಲೆ ಇಟ್ಟುಕೊಂಡಿತು. ಈ ವರ್ಷ ಛಾವಣಿ ಸೋರುತ್ತಿದೆ, ಇಂಗ್ಲಿಷ್ ಹೇಳಿಕೊಡುವ ಟೀಚರ್ ಹೆಚ್ಚು ಕೊಡದಿದ್ದರೆ ಬಿಡುತ್ತೇನೆಂದಿದ್ದಾರೆ, ಕೊರತೆ 1,38,000 ರೂಪಾಯಿ.

ಜೂನ್ ತಿಂಗಳ ಎರಡನೆಯ ವಾರ, ಮೃಗಶಿರ ಮಳೆ ಹಿಡಿದಿತ್ತು. ಶುಕ್ರವಾರ ರಾತ್ರಿ ಕುಳಿತು ಕಳೆದೆ. ಸಂಗೀತ, ಒಂಬತ್ತು ಸಾವಿರದಂತೆ ಹತ್ತು ತಿಂಗಳಿಗೆ 90,000. ಆಟದ ಸಾಮಾನು 30,000. ಗ್ರಂಥಾಲಯ 18,000. ಕೂಡಿಸಿದರೆ ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ, 1,38,000. ತಾಳೆಯಾದಾಗ ಆಗುವ ಸುಖ ಎಂಥದೆಂದು ದಿವಾಣಜಿಗಳಿಗೆ ಮಾತ್ರ ಗೊತ್ತು. ಕೆಂಪು ಪೆನ್ಸಿಲಿನಿಂದ ಮೂರು ಸಾಲಿಗೂ ಅಡ್ಡಗೆರೆ ಎಳೆದು ನೆಮ್ಮದಿಯಾಗಿ ಮಲಗಿದೆ.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸಭೆ. ಶನಿವಾರ ನಮ್ಮಲ್ಲಿ ಬೆಳಗಿನ ಶಾಲೆ, ಹನ್ನೊಂದೂವರೆಗೆ ಬಿಡುತ್ತದೆ. ಮಳೆ ಜೋರಾಗುವ ಮೊದಲೇ ಹೋಗಿಬಿಡೋಣವೆಂದು ಹತ್ತೂಮುಕ್ಕಾಲಕ್ಕೇ ಹೊರಟೆ. ಹೆಡ್‌ಮಾಸ್ತರರ ಕೋಣೆಯಲ್ಲಿ ಪ್ರವೇಶಕ್ಕೆ ಬಂದ ಪಾಲಕರು ತುಂಬಿದ್ದರು. ಕಾರಕೂನರ ಕೋಣೆಯಲ್ಲಿ ಸೋರುವ ಜಾಗಕ್ಕೆ ಬಕೆಟ್ ಇಟ್ಟಿದ್ದರು, ಉಳಿದ ಜಾಗದಲ್ಲಿ ಕಾರಕೂನರಿದ್ದರು. ಸಿಪಾಯಿ, “ಹಾಲ್‌ನಲ್ಲಿ ಕುಳಿತುಕೊಳ್ಳಿ ಸಾಹೇಬರೇ, ಅಲ್ಲಿ ಸೋರುವುದಿಲ್ಲ” ಎಂದ. ಹೋದರೆ ಅಲ್ಲಿ ಎಂಟನೆಯ ತರಗತಿಯ ಸಂಗೀತದ ಪಿರಿಯಡ್.

ಹಿಂತಿರುಗಿ ಹೋಗಬಹುದಿತ್ತು. ಆದರೆ ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಹೇಳಿಬಿಟ್ಟರು. ಚೀಲದಲ್ಲಿ ಆ ಮಾಸ್ತರರ ಕೆಲಸ ತೆಗೆಯುವ ಹಾಳೆಯನ್ನಿಟ್ಟುಕೊಂಡು ಹಿಂದಿನ ಬೆಂಚಿನ ಮೇಲೆ ಕುಳಿತೆ.

ಮಾಸ್ತರರಿಗೆ ನಲವತ್ತರ ಆಸುಪಾಸು. ಚಿಕ್ಕಂದಿನಿಂದ ಕಣ್ಣು ಕಾಣುವುದಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದು ಕಲಿತವರು. ನಮ್ಮ ಕಡೆಯವರಿಗೆ ಆ ಆಶ್ರಮದ ಬಗ್ಗೆ ಹೇಳಬೇಕಾಗಿಲ್ಲ. ದೂರದವರಿಗಾಗಿ ಒಂದು ಮಾತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರ ನಂತರ 2010ರಲ್ಲಿ ತೀರಿಕೊಳ್ಳುವವರೆಗೂ ಪುಟ್ಟರಾಜ ಗವಾಯಿಗಳು ನಡೆಸಿದ್ದು. ಅಲ್ಲಿ ಅನ್ನ, ವಸತಿ, ಸಂಗೀತ ಮೂರೂ ಸಿಗುತ್ತವೆ. ಅಲ್ಲಿಂದ ಹೊರಬಿದ್ದವರು ನಮ್ಮ ಸುತ್ತಿನ ಎಷ್ಟೋ ಶಾಲೆಗಳಲ್ಲಿ ಹೀಗೆ ಗೌರವಧನದ ಮೇಲೆ ಪಾಠ ಹೇಳುತ್ತ, ಶ್ರಾವಣ ಬಂದರೆ ಮಠಗಳ ಪುರಾಣಕ್ಕೆ ಹಾರ್ಮೋನಿಯಂ ಸಾಥ್ ಕೊಡುತ್ತ ಸಂಸಾರ ನಡೆಸುತ್ತಾರೆ. ನಮ್ಮ ಮಾಸ್ತರರೂ ಅಷ್ಟೇ.

ಹಾರ್ಮೋನಿಯಂ ನನಗೆ ಪರಿಚಯವಿದ್ದದ್ದೇ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಪ್ರತಿ ವರ್ಷ ಅದಕ್ಕೆ ಟಿಕ್ ಹಾಕುತ್ತೇನೆ: ಕಬ್ಬಿಣದ ಕಪಾಟು 4, ಗೋಡೆ ಗಡಿಯಾರ 2, ಹಾರ್ಮೋನಿಯಂ 1. ಕಪಾಟು ಇದೆಯೋ ಇಲ್ಲವೋ ಎಂದು ನೋಡಿದ ಹಾಗೆ ಇದನ್ನೂ ನೋಡಿ ಮುಂದೆ ಹೋಗುತ್ತಿದ್ದೆ.

ಹಾಜರಿ ತೆಗೆದುಕೊಂಡ ಬಗೆಯೇ ವಿಚಿತ್ರವಾಗಿತ್ತು. ಹೆಸರು ಕರೆಯಲಿಲ್ಲ. ‘ಸಾ’ ಹಿಡಿದರು. ಒಬ್ಬೊಬ್ಬರಾಗಿ ಆ ಸ್ವರಕ್ಕೆ ಸೇರಿಕೊಳ್ಳುತ್ತ ಬಂದರು. ಪೂರ್ತಿಯಾದ ಮೇಲೆ, “ಮೂವರು ಬಂದಿಲ್ಲ. ಕಿಟಕಿಯ ಕಡೆ ಕುಳಿತುಕೊಳ್ಳುವ ಇಬ್ಬರು, ಮತ್ತೆ ನೆಗಡಿ ಬಂದಿತ್ತಲ್ಲ, ಅವಳು” ಎಂದರು. ಲೀಡರ್ ಹುಡುಗಿ ಪುಸ್ತಕ ನೋಡಿ ಹೌದೆಂದಳು.

ನಾನು ನಿರೀಕ್ಷಿಸಿದ್ದು ಒಂದು ಹಾಡು. ಸ್ವಾಗತ ಗೀತೆಯೋ ದಾಸರ ಪದವೋ ಹೇಳಿಕೊಡುತ್ತಾರೆ, ಮಕ್ಕಳು ಕಿರುಚುತ್ತಾರೆ, ಗಂಟೆ ಹೊಡೆಯುತ್ತದೆ ಎಂದುಕೊಂಡಿದ್ದೆ. ಮಾಸ್ತರರು ತಿದಿ ಒತ್ತಿ ಒಂದೇ ಒಂದು ಮನೆ, ಅಂದರೆ ಸ್ವರದ ಪಟ್ಟಿ, ಹಿಡಿದು, “ಹಾಡಬೇಡಿ. ಕೇಳಿ. ನಿಂತಿತು ಎನ್ನಿಸಿದಾಗ ಕೈ ಎತ್ತಿ” ಎಂದರು. ಸ್ವರ ಸಣ್ಣಗಾಗುತ್ತ ಹೋಯಿತು. ಕೆಲವರು ಅರ್ಧಕ್ಕೇ ಕೈ ಎತ್ತಿದರು. “ಇನ್ನೂ ಇದೆ” ಎಂದರು ಮಾಸ್ತರರು. ಕೈ ಎತ್ತಿದ್ದು ಅವರಿಗೆ ಹೇಗೆ ತಿಳಿಯಿತೋ. ಬಹುಶಃ ಅಂಗಿಯ ತೋಳಿನ ಸಪ್ಪಳ. ಎರಡನೆಯ ಸಲ, ಮೂರನೆಯ ಸಲ. ನಾಲ್ಕನೆಯ ಸಲಕ್ಕೆ ನಲವತ್ತನಾಲ್ಕು ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು. ಹೊರಗಿನ ಮಳೆ, ಕಾರಕೂನರ ಕೋಣೆಯ ಬಕೆಟ್ಟಿಗೆ ಬೀಳುವ ಹನಿ ಎಲ್ಲ ಬೇರೆ ಬೇರೆಯಾಗಿ ಕೇಳಿಸಿತು. ಎಂಟನೆಯ ತರಗತಿ ಎಂದರೆ ಏನೆಂದು ಪಾಠ ಮಾಡಿದವರಿಗೆ ಗೊತ್ತು. ಬೆತ್ತವಿಲ್ಲದೆ, ಮೊಬೈಲ್ ಕೊಡದೆ, ಆ ವಯಸ್ಸಿನ ಅಷ್ಟು ಮಕ್ಕಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಭೂಪ ರಾಗದ ಆರೋಹ, ಅವರೋಹ. ಸಾ ರಿ ಗ ಪ ಧ. ಕೊನೆಯ ಸಾಲಿನ ಒಬ್ಬ ಹುಡುಗ ‘ಗ’ದ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಮಳೆಯಲ್ಲಿ ಎತ್ತು ಜಾರಿದ ಹಾಗೆ ಜಾರುತ್ತಿದ್ದ. ಈಗ ಬೈಗುಳ ಬೀಳುತ್ತದೆ ಎಂದು ನನ್ನ ಹೊಟ್ಟೆಯೊಳಗೆ ಏನೋ ಮುದುಡಿಕೊಂಡಿತು. ಅದಕ್ಕೆ ಕಾರಣವಿದೆ. ಇದೇ ಹಾಲ್‌ನಲ್ಲಿ, ನಾನು ಆರನೆಯ ತರಗತಿಯಲ್ಲಿದ್ದಾಗ, ಆಗಸ್ಟ್ ಹದಿನೈದರ ಸಮೂಹ ಗೀತೆಗೆ ನನ್ನನ್ನು ಆರಿಸಿ, ಮೂರನೆಯ ದಿನ ಒಬ್ಬ ಗುರುಗಳು, “ನೀನು ಬಾಯಿ ಅಲ್ಲಾಡಿಸು ಸಾಕು, ಧ್ವನಿ ಬೇಡ” ಎಂದಿದ್ದರು. ಎತ್ತರವಾಗಿದ್ದೆನೆಂದು ಸಾಲಿಗೆ ಬೇಕಾಗಿದ್ದೆ ಅಷ್ಟೇ. ಅಂದಿನಿಂದ ನಾನು ಬಾಯಿ ಅಲ್ಲಾಡಿಸುತ್ತಲೇ ಬಂದಿದ್ದೇನೆ, ರಾಷ್ಟ್ರಗೀತೆಗೂ, ಮನೆಯ ಮಂಗಳಾರತಿಗೂ. ಹೆಂಡತಿಗೆ ಕೂಡ ಈ ಸಂಗತಿ ಗೊತ್ತಿರಲಿಲ್ಲ.

ಮಾಸ್ತರರು ಬೈಯಲಿಲ್ಲ. ಆ ಹುಡುಗನನ್ನು ಮುಂದೆ ಕರೆದು, ಅವನ ಕೈಯನ್ನು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಇರಿಸಿ, ‘ಗ’ ಹಿಡಿದರು. “ಮರ ನಡುಗುವುದು ತಿಳಿಯುತ್ತದೆಯೇ? ಅದರ ಜೊತೆ ಹೋಗು” ಎಂದರು. ಹುಡುಗ ಹೋದ. ಸರಿಯಾಗಿ ಬಂತೆಂದು ಹೇಳಲಾರೆ. ಹತ್ತಿರ ಬಂತು. ಮಾಸ್ತರರು, “ಹಾಂ, ಮನೆ ಸಿಕ್ಕಿತು, ಬಾಗಿಲು ಸೋಮವಾರ ಸಿಗುತ್ತದೆ” ಎಂದು ಕಳಿಸಿದರು.

ಗಂಟೆ ಹೊಡೆದು ಮಕ್ಕಳು ಓಡಿದ ಮೇಲೆ ನಾನೇ ಮಾತು ತೆಗೆದೆ. ಎಷ್ಟು ದಿನದಿಂದ ಭೂಪ ನಡೆಯುತ್ತಿದೆ ಎಂದು ಕೇಳಿದೆ.

“ಹೋದ ವರ್ಷ ಪೂರ್ತಿ ಅದೇ ಸರ್. ಎಲ್ಲ ತರಗತಿಗೂ.”

“ಅಷ್ಟು ಕಠಿಣವೇ?”

ಅವರು ನಕ್ಕರು. “ಕಠಿಣವಲ್ಲ. ಭೂಪಕ್ಕೆ ಮಧ್ಯಮ, ಅಂದರೆ ‘ಮ’ ಬೇಡ, ನಿಷಾದ, ಅಂದರೆ ‘ನಿ’ ಬೇಡ. ಈ ಪೆಟ್ಟಿಗೆಯಲ್ಲಿ ನಡುಸಪ್ತಕದ ಮಧ್ಯಮದ ರೀಡ್ ಮುರಿದಿದೆ. ಶ್ರುತಿ ಬದಲಿಸಿ ನುಡಿಸಬಹುದು, ಆದರೆ ಈ ಮಕ್ಕಳ ಕಂಠಕ್ಕೆ ಹೊಂದುವುದು ಇದೇ. ಹೆಡ್‌ಮಾಸ್ತರರಿಗೆ ಎರಡು ಸಲ ಅರ್ಜಿ ಕೊಟ್ಟೆ. ಖಜಾಂಚಿಗಳು ಮುಂದಿನ ವರ್ಷ ನೋಡೋಣ ಎಂದರಂತೆ.”

ಖಜಾಂಚಿ ನಾನೇ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಅನುಮಾನ. ಆ ಅರ್ಜಿ ನನಗೆ ನೆನಪಿತ್ತು. 2,600 ರೂಪಾಯಿ. ಬದಿಯಲ್ಲಿ ‘ತುರ್ತು ಅಲ್ಲ’ ಎಂದು ಬರೆದಿದ್ದೆ. ಒಂದು ಶಾಲೆಯ ಮಕ್ಕಳು ವರ್ಷವಿಡೀ ಯಾವ ರಾಗ ಕಲಿಯಬೇಕೆಂದು ನಿರ್ಧರಿಸಿದವನು ನಾನು ಎಂಬುದು ಆಗ ತಿಳಿಯಿತು.

ಸಭೆ ಹನ್ನೆರಡೂಕಾಲಕ್ಕೆ ಶುರುವಾಯಿತು. ಎಂಟು ಜನ, ಮಂಡಕ್ಕಿ, ಮಿರ್ಚಿ, ಚಹಾ. ನಾನು ಹಾಳೆ ಹಂಚಿದೆ. ಏನೂ ಹೇಳದೆ ಹಂಚಿದೆ, ಏಕೆಂದರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅಧ್ಯಕ್ಷರು, ಅಂದರೆ ನಮ್ಮ ಸಾಹುಕಾರರು, ಕೆಂಪು ಗೆರೆ ನೋಡಿ, “ದಿವಾಣಜಿಯವರೇ, ಕೆಲಸ ಹಗುರ ಮಾಡಿದಿರಿ” ಎಂದು ಬೆನ್ನು ತಟ್ಟಿದರು.

ಹೆಡ್‌ಮಾಸ್ತರರು ಮೆಲ್ಲಗೆ ವಿರೋಧಿಸಿದರು. ಪಾಪ, ಅವರ ಕೈಯಲ್ಲಿದ್ದ ಅಸ್ತ್ರಗಳೆಲ್ಲ ಮೊಂಡು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದರು: ಆರರಿಂದ ಎಂಟನೆಯ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು. ಸಾಹುಕಾರರು ಕೇಳಿದರು, “ಸಂಗೀತ ಎಂದು ಬರೆದಿದೆಯೇ?” ಇಲ್ಲ. “ಚಿತ್ರಕಲೆಯ ಮಾಸ್ತರರಿದ್ದಾರಲ್ಲ, ಆಯಿತು ಬಿಡಿ.” ಕಾನೂನು ಅಲ್ಲಿಗೆ ಮುಗಿಯಿತು. ಮುಂದೆ ಹೆಡ್‌ಮಾಸ್ತರರು ನಾಡಗೀತೆಯನ್ನು ತೆಗೆದರು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರವೇ ಆದೇಶ ಮಾಡಿದೆ, ಹೇಳಿಕೊಡುವವರು ಯಾರು ಎಂದರು. “ಮೊಬೈಲಿನಲ್ಲಿ ಹಾಕಿ ಮೈಕ್ ಮುಂದೆ ಹಿಡಿದರೆ ಸರಿಯಾಗಿ ಎರಡೂವರೆ ನಿಮಿಷ, ಒಂದು ಸೆಕೆಂಡ್ ಹೆಚ್ಚಿಲ್ಲ” ಎಂದರು ಔಷಧ ಅಂಗಡಿಯ ಸದಸ್ಯರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಡೆಗೆ ಹೆಡ್‌ಮಾಸ್ತರರು, ಸಂಗೀತ ಕಲಿತ ಮಕ್ಕಳಿಗೆ ಗಣಿತ ಚೆನ್ನಾಗಿ ಬರುತ್ತದೆ ಎಂದರು. ಈ ವಾದವನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಆಗಲೂ ಬಂತು. ಗಣಿತ ಬರಬೇಕಾದರೆ ಗಣಿತ ಹೇಳಿಕೊಡಿ, ಅದು ಅಗ್ಗ. ಭೂಪ ಹಾಡಿದ್ದಕ್ಕೆ ಎಷ್ಟು ಅಂಕ ಹೆಚ್ಚಿತೆಂದು ಲೆಕ್ಕ ಕೊಡಬೇಕಾದರೆ, ಅಂಕ ಹೆಚ್ಚಾಗದ ದಿನ ಹಾರ್ಮೋನಿಯಂ ಗುಜರಿಗೆ ಹೋಗುವುದೇ ನ್ಯಾಯ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವ 625 ಅಂಕಗಳಲ್ಲಿ ಸಂಗೀತಕ್ಕೆ ಒಂದೂ ಇಲ್ಲ. ಇಲ್ಲವೆಂದು ಒಪ್ಪಿಕೊಂಡೇ ಮಾತಾಡಬೇಕು.

ಹಾರ್ಮೋನಿಯಂ ಹಣೆಬರಹವೇ ಹಾಗೆ ಎಂದು ಕಾಣುತ್ತದೆ. ಅದು ವಿದೇಶಿ ವಾದ್ಯ, ಸ್ವರವನ್ನು ತೂಗಿಸುವ ನಮ್ಮ ಗಮಕಕ್ಕೆ ಒಗ್ಗುವುದಿಲ್ಲ ಎಂದು ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ಬಾನುಲಿಯಿಂದ ಹೊರಗಿಟ್ಟಿದ್ದರು. ಅವರದು ಕನಿಷ್ಠ ಸಂಗೀತದ ಕಾರಣ. ನಮ್ಮದು ಛಾವಣಿಯ ತಗಡು.

ಸಭೆಯ ಬಿಸಿ ಏರಿದ್ದು ಭೀಮಸೇನ ಜೋಶಿಯವರಿಂದ. ಸಾಹುಕಾರರು ಸಂಗೀತದ ದ್ವೇಷಿಯಲ್ಲ. ಗದಗಿನ ಮಣ್ಣು, ಅವರ ಮನೆಯಲ್ಲಿ ಬೆಳಿಗ್ಗೆ ಜೋಶಿಯವರ ಹಾಡೇ ಮೊಳಗುವುದು. “ಭೀಮಸೇನರು ಯಾವ ಶಾಲೆಯ ಪಿರಿಯಡ್ಡಿನಲ್ಲಿ ಕಲಿತರು? ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿದರು. ಕಲಿಯುವವನು ಹೇಗಾದರೂ ಕಲಿಯುತ್ತಾನೆ” ಎಂದರು. ಹೆಡ್‌ಮಾಸ್ತರರು ತಕ್ಷಣ, “ಗಂಗೂಬಾಯಿ ಹಾನಗಲ್ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಸ್ವಾಗತ ಗೀತೆ ಹಾಡಿದಾಗ ಇನ್ನೂ ಚಿಕ್ಕ ಹುಡುಗಿ” ಎಂದು ಪ್ರತಿಯಾಗಿ ಇಟ್ಟರು. ಇಬ್ಬರು ದಿಗ್ಗಜರನ್ನು ಒಂದು ತಟ್ಟೆ ಮಿರ್ಚಿಯ ಎರಡು ಬದಿಗೆ ನಿಲ್ಲಿಸಿ ಕುಸ್ತಿ ನಡೆಸಿದಂತಾಯಿತು.

ಆಗ ನಾನು ಬಾಯಿ ತೆರೆದೆ. ಅಲ್ಲಾಡಿಸಲು ಅಲ್ಲ.

ಸಾಹುಕಾರರ ಮಾತು ನಿಜ, ಹಾಡುಗಾರನನ್ನು ಶಾಲೆ ತಯಾರಿಸುವುದಿಲ್ಲ, ಎಂದೆ. ಅದು ಆಶ್ರಮದ ಕೆಲಸ, ಗುರುವಿನ ಮನೆಯ ಕೆಲಸ. ಶಾಲೆ ತಯಾರಿಸುವುದು ಕೇಳುವವನನ್ನು. ಈಗಷ್ಟೇ ಹಾಲ್‌ನಲ್ಲಿ ಒಂದು ಸ್ವರ ಎಲ್ಲಿಗೆ ಮುಗಿಯುತ್ತದೆ ಎಂದು ನಲವತ್ತನಾಲ್ಕು ಮಕ್ಕಳು ಕೇಳಿದ್ದನ್ನು ಕಂಡು ಬಂದೆ. ಭೀಮಸೇನರು ಹಾಡಿದಾಗ ಎದುರಿಗೆ ಕುಳಿತು ರಾತ್ರಿಯಿಡೀ ಕೇಳಿದವರು ಸಾವಿರ ಜನ ಎಲ್ಲಿಂದ ಬಂದರು? ಹಣವಿದ್ದವರು ಮಗಳನ್ನು ಹುಬ್ಬಳ್ಳಿಗೆ ಕೀಬೋರ್ಡ್ ಕ್ಲಾಸಿಗೆ ಕಳಿಸುತ್ತಾರೆ, ಈ ಕೋಣೆಯಲ್ಲಿಯೇ ಇಬ್ಬರಿದ್ದಾರೆ. ಎಂಟನೆಯ ತರಗತಿಯ ಆ ಕೊನೆಯ ಸಾಲಿನ ಹುಡುಗನ ತಂದೆ ಎಪಿಎಂಸಿಯಲ್ಲಿ ಹಮಾಲ. ನನಗೆ ಗೊತ್ತು, ಅವರಿಗೆ ಪಗಾರ ಎಣಿಸಿದವನು ನಾನು. ಅವನಿಗೆ ಈ ಬಾಗಿಲು ಮುಚ್ಚಿದರೆ ಬೇರೆ ಬಾಗಿಲಿಲ್ಲ.

ಇಷ್ಟು ಹೇಳಿದ್ದು ನನಗೇ ಹೆಚ್ಚಾಯಿತು ಎನ್ನಿಸಿ ಅಂಕಿಗೆ ಇಳಿದೆ. ಅಂಕಿಯಲ್ಲಿ ನನಗೆ ಧೈರ್ಯ ಬರುತ್ತದೆ. ಕೆಂಪು ಗೆರೆ ಎಳೆಯುವಾಗ ನಾನು ಮುಟ್ಟದೆ ಬಿಟ್ಟ ಒಂದು ಸಾಲಿತ್ತು: ವಾರ್ಷಿಕ ಸ್ನೇಹ ಸಮ್ಮೇಳನ, 1,12,000. ಬಿಡಿಸಿ ಓದಿದೆ. ಪೆಂಡಾಲು 28,000. ಧ್ವನಿವರ್ಧಕ ಮತ್ತು ಬಣ್ಣದ ದೀಪ 34,000. ನೃತ್ಯದ ಉಡುಪಿನ ಬಾಡಿಗೆ 19,000. ಶಾಲು, ಹಾರ, ನೆನಪಿನ ಕಾಣಿಕೆ 13,000. ಊಟ 18,000. ಊಟವೊಂದನ್ನು ಉಳಿಸಿಕೊಂಡು ಬಾಕಿ ಕಳೆದರೆ 94,000. ಸಂಗೀತಕ್ಕೆ 90,000 ಹೋಗಿ ನಾಲ್ಕು ಸಾವಿರ ಮಿಗುತ್ತದೆ, ಹಾರ್ಮೋನಿಯಂ ರಿಪೇರಿಗೆ 2,600. ಸಿನಿಮಾ ಹಾಡನ್ನು ಊರಿಗೆಲ್ಲ ಕೇಳುವಂತೆ ಒಂದು ಸಂಜೆ ಹಾಕಿ ಮಕ್ಕಳನ್ನು ಕುಣಿಸಲು ನಾವು ಕೊಡುವ ಹಣದಲ್ಲಿ ವರ್ಷವಿಡೀ ಆರು ತರಗತಿಗೆ ಸ್ವರ ಹೇಳಿಕೊಡಬಹುದು. ಸಮ್ಮೇಳನವನ್ನು ಹಗಲಲ್ಲಿ, ಬೇವಿನ ಮರದ ಕೆಳಗೆ ಮಾಡೋಣ.

ಕೋಣೆ ಸುಮ್ಮನಾಯಿತು. ಮಾಸ್ತರರ ತರಗತಿಯ ಮೌನವಲ್ಲ, ಬೇರೆ ಜಾತಿಯದು.

“ದೀಪವಿಲ್ಲದ ಸಮ್ಮೇಳನಕ್ಕೆ ಶಾಸಕರನ್ನು ಕರೆಯುವುದು ಹೇಗೆ?” ಎಂದರು ಒಬ್ಬರು. “ಪಾಲಕರು ಬರುವುದೇ ಮಕ್ಕಳ ಡ್ಯಾನ್ಸ್ ನೋಡಲು. ಅದು ಹೋದರೆ ಇರುವ 268 ಕೂಡ ಉಳಿಯುವುದಿಲ್ಲ” ಎಂದರು ಔಷಧ ಅಂಗಡಿಯವರು. ಇದನ್ನು ನಾನು ತಳ್ಳಿಹಾಕಲಾರೆ. ಹೆದ್ದಾರಿಯ ಶಾಲೆಗಳ ಸಮ್ಮೇಳನದಲ್ಲಿ ಹೊಗೆ ಬಿಡುವ ಯಂತ್ರವಿದೆ, ನಮ್ಮ ಪಾಲಕರು ಅದನ್ನು ನೋಡಿ ಬಂದಿದ್ದಾರೆ. ಸಂಗೀತದ ಪಿರಿಯಡ್ಡನ್ನು ಯಾವ ಪಾಲಕರೂ ಕಿಟಕಿಯಲ್ಲಿ ನಿಂತು ನೋಡುವುದಿಲ್ಲ.

ಕೈ ಎತ್ತಿಸಿದರು. ನನ್ನ ಪರವಾಗಿ ಮೂರು, ವಿರುದ್ಧವಾಗಿ ಐದು. ಆಮೇಲೆ ಸಾಹುಕಾರರು ನಡುದಾರಿ ತೆಗೆದರು: ಸಂಗೀತದವರನ್ನು ಪೂರ್ತಿ ಬಿಡಿಸುವುದು ಬೇಡ, ವಾರಕ್ಕೆ ಎರಡು ದಿನ ಬರಲಿ, ತಿಂಗಳಿಗೆ ನಾಲ್ಕು ಸಾವಿರ. ಉಡುಪಿನ ಬಾಡಿಗೆ ನಿಲ್ಲಿಸೋಣ, ಮಕ್ಕಳು ಮನೆಯ ಬಟ್ಟೆಯಲ್ಲೇ ಕುಣಿಯಲಿ. ಕಡಿಮೆ ಬಿದ್ದ 21,000 ತಮ್ಮ ತಾಯಿಯ ಹೆಸರಿನಲ್ಲಿ ತಾವೇ ಕೊಡುವುದಾಗಿ ಹೇಳಿದರು. ಕೊಡುತ್ತಾರೆ ಕೂಡ, ಮಾತಿಗೆ ತಪ್ಪುವ ಮನುಷ್ಯರಲ್ಲ. ಆಟದ ಸಾಮಾನಿನ ಮೇಲೆ, ಗ್ರಂಥಾಲಯದ ಮೇಲೆ ನಾನು ಎಳೆದ ಗೆರೆಗಳು ಹಾಗೆಯೇ ಉಳಿದವು. ಅವುಗಳ ಪರವಾಗಿ ಯಾರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಗ್ರಂಥಾಲಯದ ಪಿರಿಯಡ್ಡಿಗೆ ನಾನು ಅಕಸ್ಮಾತ್ತಾಗಿ ಹೋಗಿ ಕುಳಿತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅದು ಈಗಲೂ ಚುಚ್ಚುತ್ತದೆ.

ಮಂಗಳವಾರ ಹಾರ್ಮೋನಿಯಂ ತೆಗೆದುಕೊಂಡು ಹುಬ್ಬಳ್ಳಿಗೆ ಹೋದೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತ, “ಭಜನೆಯವರೇ?” ಎಂದು ಕೇಳಿದ. ಹೌದೆಂದೆ. ರಿಪೇರಿಯವರು ಮುಚ್ಚಳ ಬಿಚ್ಚಿ ತೋರಿಸಿದರು: ಹಿತ್ತಾಳೆಯ ರೀಡ್ ಬುಡದಲ್ಲಿ ಕೂದಲೆಳೆಯಷ್ಟು ಸೀಳಿತ್ತು, ತಿದಿಯ ಮಡಿಕೆಯನ್ನು ಜಿರಲೆ ತಿಂದಿತ್ತು. ಎರಡು ದಿನ ಹಿಡಿಯಿತು. ಅರ್ಜಿಯಲ್ಲಿ ಬರೆದಿದ್ದ 2,600ರ ಬದಲು 2,900 ಆಯಿತು. ಮೂವತ್ತನಾಲ್ಕು ವರ್ಷ ಖರ್ಚಾದ ಪ್ರತಿ ಪೈಸೆಯನ್ನೂ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಏರಿಸಿದವನು ನಾನು. ಇದನ್ನು ಏರಿಸಲಿಲ್ಲ. ಪಾವತಿಯ ಚೀಟಿ ಅಂಗಿಯ ಜೇಬಿನಲ್ಲೇ ಉಳಿದು, ಒಗೆಯುವಾಗ ಹಿಟ್ಟಾಯಿತು.

ಶುಕ್ರವಾರ ಪೆಟ್ಟಿಗೆಯನ್ನು ಹಾಲ್‌ನಲ್ಲಿ ಇಟ್ಟೆ. ಮಾಸ್ತರರು ಬಂದು ಕುಳಿತು, ತಿದಿ ಒತ್ತಿ, ಕೆಳಗಿನಿಂದ ಒಂದೊಂದೇ ಮನೆ ಹಿಡಿಯುತ್ತ ಬಂದರು. ಮಧ್ಯಮದ ಮೇಲೆ ಬೆರಳಿಟ್ಟು ಬಹಳ ಹೊತ್ತು ಹಾಗೆಯೇ ಇದ್ದರು. ಗೌರವಧನ ಇಳಿದ ವಿಷಯ ಹೆಡ್‌ಮಾಸ್ತರರು ಆಗಲೇ ಹೇಳಿಯಾಗಿತ್ತು. ಉಳಿದ ದಿನಗಳಿಗೆ ಪಕ್ಕದ ಊರಿನ ಶಾಲೆಯೊಂದನ್ನು ಕೇಳಿಕೊಂಡಿರುವುದಾಗಿ ಮಾಸ್ತರರು ಹೇಳಿದರು, ಬೇಸರದ ಧ್ವನಿಯಲ್ಲೇನೂ ಅಲ್ಲ. ನಾನು ಏನೋ ಸಮಜಾಯಿಷಿ ಹೇಳಲು ಹೋದೆ. ಅವರು ನಡುವೆ ತಡೆದರು.

“ಎರಡು ದಿನ ಎಂದರೆ ಆರು ಪಿರಿಯಡ್ ಸರ್. ತರಗತಿಗಳು ಆರು. ಒಂದೊಂದಕ್ಕೆ ವಾರಕ್ಕೊಂದೇ ಕೊಟ್ಟರೆ ಮಕ್ಕಳು ಮುಂದಿನ ವಾರಕ್ಕೆ ಮರೆತು ಬರುತ್ತಾರೆ, ಯಾರಿಗೂ ಏನೂ ಹತ್ತುವುದಿಲ್ಲ. ಮೂರು ತರಗತಿಗೆ ಎರಡೆರಡು ಕೊಡುವುದೇ ಮೇಲು. ಮಧ್ಯಮ ಬಂದಿದೆ, ದುರ್ಗಾ ರಾಗ ಶುರು ಮಾಡಬಹುದು.” ಸ್ವಲ್ಪ ತಡೆದು ಕೇಳಿದರು, “ಯಾವ ಮೂರು ತರಗತಿ ಇಟ್ಟುಕೊಳ್ಳಲಿ, ಖಜಾಂಚಿಗಳೇ?”

ಸೋಮವಾರ ಹೇಳುತ್ತೇನೆ ಎಂದೆ.